ಓದುಗರ ಪ್ರಶ್ನೆ, ಗ್ರಂಥಪಾಲಕಿಯ ಉತ್ತರ: ಒಂದು ಸುಳ್ಳಿಗೆ ಒಪ್ಪಿಗೆ

ಧಾರವಾಡದ ಮಾಳಮಡ್ಡಿಯಲ್ಲಿ ಸೇರುವ ನಮ್ಮ ಓದಿನ ಬಳಗದಲ್ಲಿ ಅದೃಶ್ಯ ಮನುಷ್ಯನ ಕಾದಂಬರಿಯೊಂದು ಜಗಳ ಹಚ್ಚಿತು ಎಂದು ಕಳೆದ ಸಂಚಿಕೆಯಲ್ಲಿ ಮಾತಿನ ನಡುವೆ ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ಕಟ್ಟು ಬಂದಿದೆ. ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವುಗಳಲ್ಲಿ ಐದಕ್ಕೆ ಉತ್ತರಿಸುತ್ತೇನೆ. ಷಟ್ಪದಿಯ ಬಗ್ಗೆ ಕೇಳಿದ ಮುಂಡರಗಿಯ ಮಾಸ್ತರರು ಒಂದು ತಿಂಗಳು ತಾಳಿಕೊಳ್ಳಬೇಕು.

ಪ್ರಶ್ನೆ: ಅಕ್ಕ ಅವರಿಗೆ ನಮಸ್ಕಾರ. ನಮ್ಮದು ಹನ್ನೆರಡು ಜನರ ಓದುವ ಗುಂಪು. ಆರು ವರ್ಷಗಳಿಂದ ಸಾಮಾಜಿಕ ಕಾದಂಬರಿ, ಆತ್ಮಕಥೆ ಓದುತ್ತ ಬಂದಿದ್ದೇವೆ. ಈಗ ಎಂಜಿನಿಯರಿಂಗ್ ಓದುವ ಇಬ್ಬರು ಹುಡುಗಿಯರು ಸೇರಿದ್ದಾರೆ. ಸೈನ್ಸ್ ಫಿಕ್ಷನ್, ಫ್ಯಾಂಟಸಿ ಓದೋಣ ಎಂದು ಅವರ ಹಟ. ಉಳಿದವರಲ್ಲಿ ಅರ್ಧ ಜನ ‘ಅದೆಲ್ಲ ಮಕ್ಕಳದು’ ಎಂದು ಮೂಗು ಮುರಿಯುತ್ತಾರೆ. ಆರಿಸುವ ಹೊಣೆ ನನ್ನ ತಲೆಗೆ ಬಂದಿದೆ. ಹೇಗೆ ಆರಿಸಲಿ?
ಬ್ಯಾಂಕಿನಿಂದ ನಿವೃತ್ತೆ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲು ನನ್ನ ಸೋಲಿನ ಕಥೆ ಕೇಳಿಬಿಡಿ. ಮೂವತ್ತೊಂದು ವರ್ಷ ಕಾಲೇಜು ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟವಳು ನಾನು. ಯಾರಿಗೆ ಯಾವುದು ಹಿಡಿಸುತ್ತದೆ ಎಂದು ಮುಖ ನೋಡಿ ಹೇಳಬಲ್ಲೆ ಎಂಬ ಜಂಬ ಇತ್ತು. ಬಳಗ ಕಟ್ಟಿದ ಎರಡನೆಯ ವರ್ಷ ಸಾವಿರ ಪುಟ ದಾಟಿದ ಇಂಗ್ಲಿಷ್ ಮಾಯಾಲೋಕದ ಕಾದಂಬರಿಯೊಂದನ್ನು ಎತ್ತಿಕೊಂಡೆ. ಮುಂದೆ ನಕ್ಷೆ, ಹಿಂದೆ ವಂಶಾವಳಿ, ನಡುವೆ ನಾಲಿಗೆಗೆ ಸಿಗದ ಹೆಸರುಗಳು. ಚರ್ಚೆಯ ದಿನ ಹನ್ನೊಂದು ಜನರಲ್ಲಿ ಓದಿ ಮುಗಿಸಿದವರು ಇಬ್ಬರು, ಅದರಲ್ಲಿ ಒಬ್ಬಳು ನಾನು. ಉಳಿದವರು ಒಗ್ಗರಣೆ ಅವಲಕ್ಕಿಯ ಗುಣಗಾನ ಮಾಡಿ ಎದ್ದು ಹೋದರು. ಪುಸ್ತಕ ಒಳ್ಳೆಯದೇ ಇತ್ತು. ಆದರೆ ಒಬ್ಬರೇ ರಾತ್ರಿ ಕುಳಿತು ಓದಲಿಕ್ಕೆ ಒಳ್ಳೆಯದು ಬೇರೆ, ಹನ್ನೊಂದು ಜನ ಕೂಡಿ ಮಾತಾಡಲಿಕ್ಕೆ ಒದಗುವುದು ಬೇರೆ.

ಆಮೇಲೆ ನಾನು ಒಂದು ಅಳತೆಗೋಲು ಮಾಡಿಕೊಂಡೆ. ಕಾದಂಬರಿಯಲ್ಲಿ ಒಂದೇ ಒಂದು ದೊಡ್ಡ ಸುಳ್ಳು ಇರಬೇಕು. ಅದಕ್ಕೆ ನಾವು ಒಮ್ಮೆ ಹೂಂ ಎಂದುಬಿಟ್ಟರೆ ಮುಂದಿನದೆಲ್ಲ ನಮ್ಮ ಮನೆಯ ಲೆಕ್ಕದ ಹಾಗೆ ನಡೆಯಬೇಕು. ಪುಟಕ್ಕೊಂದು ಹೊಸ ಸುಳ್ಳು ಹುಟ್ಟಿದರೆ ವಾದ ಮಾಡಲು ನೆಲವೇ ಇರುವುದಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಎಚ್. ಜಿ. ವೆಲ್ಸ್‌ನ ಕಾದಂಬರಿಯಲ್ಲಿ, 1897ರ ‘ದಿ ಇನ್‌ವಿಸಿಬಲ್ ಮ್ಯಾನ್’. ಇಂಗ್ಲಿಷ್ ಸಲೀಸಾಗಿ ಓದುವ ಇಬ್ಬರು ಅಧ್ಯಾಯ ಅಧ್ಯಾಯವಾಗಿ ಉಳಿದವರಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ಮೊದಲ ದಿನ ನಾಲ್ಕು ಅಧ್ಯಾಯ ಆಗಿತ್ತು: ಫೆಬ್ರುವರಿಯ ಹಿಮದಲ್ಲಿ, ಮೈತುಂಬ ಬಟ್ಟೆ, ಮುಖಕ್ಕೆಲ್ಲ ಬ್ಯಾಂಡೇಜು ಸುತ್ತಿಕೊಂಡ ಅಪರಿಚಿತನೊಬ್ಬ ಹಳ್ಳಿಯ ವಸತಿಗೃಹಕ್ಕೆ ಬರುತ್ತಾನೆ. ನಮ್ಮ ಬಳಗದಲ್ಲಿ ಖಾನಾವಳಿ ನಡೆಸುವ ಅಕ್ಕ ಒಬ್ಬರಿದ್ದಾರೆ, ಓದಿದ್ದು ಏಳನೆಯ ಇಯತ್ತೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದವರು ನಡುವೆಯೇ ತಡೆದರು. “ಮೈ ಕಾಣುವುದಿಲ್ಲ, ಸರಿ. ಬಟ್ಟೆ ಕಾಣುತ್ತದೆಯಲ್ಲ? ಹಾಗಾದರೆ ಯಾರಿಗೂ ಕಾಣಬಾರದೆಂದರೆ ಅವನು ಬರಿಮೈಯಲ್ಲಿ ತಿರುಗಬೇಕು. ಅಂಥ ಚಳಿಯಲ್ಲಿ ನೆಗಡಿ ಹಿಡಿಯದೆ ಬಿಡುತ್ತದೆಯೇ? ಮೈ ಮುಚ್ಚಿಡಬಹುದು, ಸೀನು ಹೇಗೆ ಮುಚ್ಚಿಡುತ್ತಾನೆ?”

ಹೇಳುತ್ತಿದ್ದವರು ನನ್ನ ಮುಖ ನೋಡಿದರು. ಐದನೆಯ ಅಧ್ಯಾಯದಲ್ಲಿ ಪಾದ್ರಿಯ ಮನೆಗೆ ಕಳ್ಳತನಕ್ಕೆ ನುಗ್ಗಿದ ಆ ಮನುಷ್ಯ ಕತ್ತಲಲ್ಲಿ ಸೀನಿಯೇ ಸಿಕ್ಕಿಬೀಳುವ ಹಾಗಾಗುತ್ತದೆ! ಅಕ್ಕ ಅಲ್ಲಿಗೇ ನಿಲ್ಲಲಿಲ್ಲ. ತಿಂದ ರೊಟ್ಟಿ ಹೊಟ್ಟೆಯಲ್ಲಿ ಕಾಣುತ್ತದೆಯೋ ಇಲ್ಲವೋ ಎಂದು ಕೇಳಿದರು. ಕಾಣುತ್ತದೆ, ಅರಗುವವರೆಗೂ ಕಾಣುತ್ತದೆ. ವೆಲ್ಸ್ ಅದನ್ನೂ ಬರೆದಿದ್ದಾನೆ. ನೂರಿಪ್ಪತ್ತು ವರ್ಷಗಳ ಹಿಂದಿನ ಇಂಗ್ಲೆಂಡಿನ ಲೇಖಕನೂ ದಿನಕ್ಕೆ ಎಂಬತ್ತು ಊಟ ಬಡಿಸುವ ನಮ್ಮ ಅಕ್ಕನೂ ಒಂದೇ ಸುಳ್ಳಿನಿಂದ ಹೊರಟು ಒಂದೇ ಕಡೆ ಬಂದು ತಲುಪಿದ್ದರು. ಮುಂದಿನ ವಾರ ಯಾರೂ ತಪ್ಪಿಸಲಿಲ್ಲ. ‘ಮಕ್ಕಳದು’ ಎನ್ನುವವರಿಗೆ ಇಂಥದೊಂದು ಸಂಜೆ ಸಾಕು, ವಾದ ಬೇಡ.

ನಿಮ್ಮ ಗುಂಪಿಗೆ ಮೊದಲ ಮೆಟ್ಟಿಲಾಗಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಇಟ್ಟುಕೊಳ್ಳಿ. 1980ರದು, ಚಿಕ್ಕದು, ಪ್ರತಿಗಳು ಎಲ್ಲೆಡೆ ಸಿಗುತ್ತವೆ. ಅದನ್ನು ಸೈನ್ಸ್ ಫಿಕ್ಷನ್ ಎಂದು ಕರೆಯಲು ನಾನು ಒಪ್ಪುವುದಿಲ್ಲ, ಆ ಹುಡುಗಿಯರೂ ಒಪ್ಪಲಾರರು. ಆದರೆ ಹಾರುವ ಓತಿಯ ಹಿಂದೆ ಕಾಡು ಸುತ್ತುವ ವಿಜ್ಞಾನಿ, ಅವನಿಗೆ ದಾರಿ ತೋರಿಸುವ ಮಂದಣ್ಣ ಇವರ ಜತೆ ನಡೆದವರಿಗೆ ‘ಇದು ಇದ್ದರೆ ಏನಾಗುತ್ತಿತ್ತು’ ಎಂದು ಯೋಚಿಸುವ ಚಟ ಹತ್ತುತ್ತದೆ. ರಾಜಶೇಖರ ಭೂಸನೂರಮಠ ಅವರು ಕನ್ನಡದಲ್ಲೇ ವಿಜ್ಞಾನ ಕಥೆ, ಕಾದಂಬರಿ ಬರೆದವರು. ನಿಮ್ಮ ಹತ್ತಿರದ ವಾಚನಾಲಯದ ಕಪಾಟನ್ನು ಒಮ್ಮೆ ಕೆದಕಿ ನೋಡಿ.

ಆಮೇಲೆ ರೇ ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’, 1953ರದು. ಅಲ್ಲಿಯ ಸುಳ್ಳು ಇಷ್ಟೇ: ಅಗ್ನಿಶಾಮಕ ದಳದವರ ಕೆಲಸ ಬೆಂಕಿ ಆರಿಸುವುದಲ್ಲ, ಪುಸ್ತಕ ಸುಡುವುದು. ಕೊನೆಯಲ್ಲಿ ಊರ ಹೊರಗೆ ಅಲೆಯುವ ಕೆಲವರು ಒಬ್ಬೊಬ್ಬರು ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿ ತಾವೇ ಆ ಪುಸ್ತಕವಾಗಿರುತ್ತಾರೆ. ನೀವು ಯಾವ ಪುಸ್ತಕ ಆಗುತ್ತೀರಿ ಎಂದು ಎಲ್ಲರನ್ನೂ ಕೇಳಿ. ನಮ್ಮಲ್ಲಿ ಕೇಳಿದಾಗ ಎಂಬತ್ತೆರಡರ ಗಮಕಿ ಅಜ್ಜ ಒಬ್ಬರು “ನಾನು ಆಗುವುದೇನು, ಈಗಾಗಲೇ ಉದ್ಯೋಗಪರ್ವ ಆಗಿದ್ದೇನೆ” ಎಂದು ಕಣ್ಣು ಮುಚ್ಚಿ ಶುರುಮಾಡಿಬಿಟ್ಟರು. ನಿಲ್ಲಿಸುವುದು ಕಷ್ಟವಾಯಿತು.

ಉಳಿದದ್ದು ಸಣ್ಣ ಲೆಕ್ಕ. ಇನ್ನೂರೈವತ್ತು ಪುಟ ದಾಟಿದ್ದನ್ನು ಮೊದಲ ವರ್ಷ ಮುಟ್ಟಬೇಡಿ. ಇಬ್ಬರಿಗೊಂದು ಪ್ರತಿಯಾದರೂ ಸಿಗುವಂತಿರಲಿ. ಘೋಷಿಸುವ ಮೊದಲು ಮೊದಲ ಹತ್ತು ಪುಟಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ; ನಿಮಗೇ ಆಕಳಿಕೆ ಬಂದರೆ ಬಿಟ್ಟುಬಿಡಿ, ಅದಕ್ಕೆ ಎಂಥ ಪ್ರಶಸ್ತಿ ಬಂದಿದ್ದರೂ ಸರಿ. ಆ ಹುಡುಗಿಯರ ಕೈಗೆ ವರ್ಷಕ್ಕೆ ಎರಡು ಆಯ್ಕೆ ಕೊಟ್ಟುಬಿಡಿ.

ಪ್ರಶ್ನೆ: ಕುಮಾರವ್ಯಾಸನ ಊರಿನವರಾದ ನಮಗೆ ಪರದೇಶದ ಡ್ರ್ಯಾಗನ್‌ಗಳು ಯಾಕೆ ಬೇಕು? ನಮ್ಮ ಪುರಾಣಗಳೇ ಫ್ಯಾಂಟಸಿ ಅಲ್ಲವೇ? ನಮ್ಮ ಗೆಳೆಯರ ಕೂಟದಲ್ಲಿ ಇದೇ ಜಗಳವಾಗಿ ಪುಸ್ತಕವೇ ನಿಗದಿಯಾಗಿಲ್ಲ.
ಮುದ್ರಣಾಲಯದಲ್ಲಿ ಡಿಟಿಪಿ ಮಾಡುವವರು, ಗದಗ

ಉತ್ತರ: ಮುದ್ರಣ ಕಾಶಿ ಎನಿಸಿಕೊಂಡ ಊರಿನಲ್ಲಿ ಕುಳಿತು ಪುಸ್ತಕ ನಿಗದಿಯಾಗಿಲ್ಲ ಎನ್ನುತ್ತೀರಲ್ಲ! ಪುರಾಣ ಕೇಳುವವನು ಕೈ ಮುಗಿದು ಕೂರುತ್ತಾನೆ. ಕಾದಂಬರಿ ಓದುವವನು ಕೈ ಕಟ್ಟಿ ಕೂತು ‘ಹೂಂ, ನಂಬಿಸು ನೋಡೋಣ’ ಎನ್ನುತ್ತಾನೆ. ಕೂಡುವ ಭಂಗಿಯೇ ಬೇರೆ. ಆದ್ದರಿಂದ ವೀರನಾರಾಯಣನ ಗುಡಿಯನ್ನು ಈ ವಾದಕ್ಕೆ ಎಳೆಯಬೇಡಿ. ಎಳೆಯಲೇಬೇಕೆಂದರೆ ಪಕ್ಕದ ಶಿಶುನಾಳದ ಷರೀಫರನ್ನು ಎಳೆಯಿರಿ. ಕೋಳಿ ಕೋಡಗನನ್ನು ನುಂಗಿತು ಎಂದು ಅವರು ಹಾಡಿದಾಗ ‘ಅದು ಸಾಧ್ಯವೇ’ ಎಂದು ನಮ್ಮ ಸೀಮೆಯಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ನುಂಗಿದ್ದು ಯಾವುದು, ಕೋಡಗ ಯಾವುದು ಎಂದೇ ಕೇಳುತ್ತಾರೆ. ಅಷ್ಟು ಅಭ್ಯಾಸ ಇದ್ದವರಿಗೆ ಡ್ರ್ಯಾಗನ್ ಯಾವ ಲೆಕ್ಕ?

ನಿಮ್ಮ ಕೂಟಕ್ಕೆ ಅರ್ಸುಲಾ ಲೆಗ್ವಿನ್ ಬರೆದ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಹೇಳುತ್ತೇನೆ. 1968ರದು, ದಪ್ಪವಿಲ್ಲ. ದ್ವೀಪಗಳ ಲೋಕ, ಮಾಂತ್ರಿಕನಾಗಲು ಕಲಿಯುವ ಹುಡುಗ. ಅಲ್ಲಿಯ ಒಂದು ಸುಳ್ಳು: ಪ್ರತಿ ವಸ್ತುವಿಗೂ ಪ್ರತಿ ಮನುಷ್ಯನಿಗೂ ಒಂದು ನಿಜವಾದ ಹೆಸರಿದೆ, ಅದು ಗೊತ್ತಾದವನಿಗೆ ಅದರ ಮೇಲೆ ಅಧಿಕಾರ. ಹೀಗಾಗಿ ಯಾರೂ ತಮ್ಮ ನಿಜ ಹೆಸರನ್ನು ಸುಮ್ಮನೆ ಹೇಳುವುದಿಲ್ಲ.

ಇದನ್ನು ನಮ್ಮ ಬಳಗದಲ್ಲಿ ಹೇಳಿ ಮುಗಿಸುವ ಮೊದಲೇ ಹೆಂಗಸರೆಲ್ಲ ನಗತೊಡಗಿದರು. ರಾತ್ರಿ ಹೊತ್ತು ಹಾವು ಎನ್ನದೆ ‘ಹುಳ’ ಎನ್ನುತ್ತಿದ್ದ ಅಜ್ಜಿ ಯಾರ ಮನೆಯಲ್ಲಿ ಇರಲಿಲ್ಲ? ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು. ಹೇಳಲೇಬೇಕಾದಾಗ ಒಡಪು ಕಟ್ಟಿ, ಪ್ರಾಸದ ನಡುವೆ ಅಡಗಿಸಿ ಹೇಳಬೇಕು. ನನ್ನ ಮದುವೆಯಲ್ಲಿ ನನಗೆ ಒಡಪು ಬಾರದೆ ಅರ್ಧ ಗಂಟೆ ಹೊಸ್ತಿಲ ಹೊರಗೇ ನಿಲ್ಲಿಸಿದ್ದರು. ಕೊನೆಗೆ ಚಿಕ್ಕಮ್ಮ ಕಿವಿಯಲ್ಲಿ ಊದಿದ್ದನ್ನು ತಪ್ಪುತಪ್ಪಾಗಿ ಒಪ್ಪಿಸಿ ಒಳಗೆ ಹೋದೆ. ಹೆಸರಿಗೆ ತೂಕವಿದೆ ಎಂಬುದನ್ನು ನಮಗೆ ಅಮೆರಿಕದ ಲೇಖಕಿ ಹೊಸದಾಗಿ ಕಲಿಸಬೇಕಿಲ್ಲ, ಆದರೆ ಅಷ್ಟರ ಮೇಲೆ ಆಕೆ ಇಡೀ ಲೋಕವನ್ನು ಕಟ್ಟಿ ನಿಲ್ಲಿಸಿದ ಬಗೆ ನೋಡಬೇಕು. ಇನ್ನೊಂದು ಮಾತು ನಿಮ್ಮ ಜಿಲ್ಲೆಯವರಿಗಾಗಿಯೇ ಬರೆದಂತಿದೆ. ಒಂದು ದ್ವೀಪದಲ್ಲಿ ಮಂತ್ರದಿಂದ ಮಳೆ ತರಿಸಿದರೆ ಇನ್ನೊಂದರಲ್ಲಿ ಬರ ಬೀಳಬಹುದು ಎಂದು ಗುರುಗಳು ಅಲ್ಲಿ ಎಚ್ಚರಿಸುತ್ತಾರೆ. ಹುಬ್ಬಳ್ಳಿಯಿಂದ ಮೋಡ ಬಿತ್ತನೆಯ ವಿಮಾನ ಏರಿದಾಗ ‘ನಮ್ಮ ಮೋಡವನ್ನು ಅವರು ಇಳಿಸಿಕೊಂಡರೆ?’ ಎಂದು ಕಟ್ಟೆಯ ಮೇಲೆ ವಾದಿಸಿದವರು ನೀವೇ ಅಲ್ಲವೇ?

ಕನ್ನಡದ್ದೇ ಆಗಬೇಕು ಎನ್ನುವವರಿಗೆ ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ ಇದೆ. ದೊಡ್ಡದು. ಎರಡು ತಿಂಗಳು ಸಮಯ ಕೊಡಿ.

ಪ್ರಶ್ನೆ: ಮೇಡಂ, ನಾವು ಬಿ.ಎ. ಓದುವ ಐದು ಹುಡುಗಿಯರು ಸೇರಿ ಓದಬೇಕೆಂದಿದ್ದೇವೆ. ಪುಸ್ತಕ ಕೊಳ್ಳಲು ದುಡ್ಡಿಲ್ಲ. ಮೊಬೈಲಿನಲ್ಲೇ ಓದಬೇಕು. ಚಿಕ್ಕದು, ಬಿಟ್ಟಿ ಸಿಗುವಂಥದು ಹೇಳಿ.
ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ತಂಗಿ, ನಿನ್ನ ಪತ್ರ ನನಗೆ ಎಲ್ಲಕ್ಕಿಂತ ಹಿಡಿಸಿತು. ನಿಮ್ಮ ಜಿಲ್ಲೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ನಡೆದು ಮಾರಿದವರು. ನಿನಗೆ ಆ ಭಾರವಿಲ್ಲ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಅವರ ಬರಹದ ಹಕ್ಕು ಮುಗಿಯುತ್ತದೆ. ಆಮೇಲೆ ಅದನ್ನು ಯಾರು ಬೇಕಾದರೂ ಓದಬಹುದು, ಹಂಚಬಹುದು. ವೆಲ್ಸ್ ಸತ್ತದ್ದು 1946ರಲ್ಲಿ, ಹಾಗಾಗಿ ಅವನ ಕಾದಂಬರಿಗಳೆಲ್ಲ ನಿನ್ನವೇ.

ಆದರೆ ನೀವು ಅಲ್ಲಿಂದ ಶುರುಮಾಡಬೇಡಿ. ಬೇಗಂ ರೊಕೇಯಾ ಅವರ ‘ಸುಲ್ತಾನಾಸ್ ಡ್ರೀಮ್’ ಓದಿ. 1905ರಲ್ಲಿ ಮದ್ರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲೇ ಬಂದದ್ದು. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆ ದೇಶದಲ್ಲಿ ಗಂಡಸರು ಒಳಮನೆಯಲ್ಲಿ, ಹೆಂಗಸರು ಹೊರಗೆ. ಹೆಂಗಸರ ವಿಶ್ವವಿದ್ಯಾಲಯದಲ್ಲಿ ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುವ ಬಲೂನು ಮಾಡಿದ್ದಾರೆ, ಬಿಸಿಲನ್ನು ಕೂಡಿಟ್ಟು ಅಡುಗೆ ಮಾಡುತ್ತಾರೆ. ಮೆಣಸಿನಕಾಯಿ ಒಣಗಿಸುವ ಊರಿನವಳು ನೀನು. ಬಿಸಿಲಿನ ಬೆಲೆ ನಿನಗೆ ಹೇಳಿಕೊಡಬೇಕಿಲ್ಲ. ಐವರೂ ಓದಿ, ನಿಮ್ಮ ಅಣ್ಣತಮ್ಮಂದಿರಿಗೂ ಓದಿ ಹೇಳಿ, ಅವರು ಏನೆನ್ನುತ್ತಾರೆ ಎಂದು ನನಗೆ ಬರೆಯಿರಿ.

ಜಗದೀಶಚಂದ್ರ ಬೋಸರದೂ ಒಂದು ಕಥೆಯಿದೆ, 1896ರಲ್ಲಿ ಬಂಗಾಳಿಯಲ್ಲಿ ಬರೆದದ್ದು. ತಲೆಗೂದಲ ಎಣ್ಣೆಯ ಒಂದು ಸೀಸೆಯನ್ನು ಸಮುದ್ರಕ್ಕೆ ಸುರಿದು ಚಂಡಮಾರುತವನ್ನೇ ಅಡಗಿಸುವ ಕಥೆ. ಎಣ್ಣೆ ನೀರಿನ ಮೇಲೆ ಹರಡಿ ಅಲೆಯನ್ನು ತಗ್ಗಿಸುತ್ತದೆ ಎಂಬ ನಿಜ ಸಂಗತಿಯನ್ನು ಎಳೆದು ದೊಡ್ಡದು ಮಾಡಿದ ತಮಾಷೆ. ಅದಕ್ಕೆ ಬಹುಮಾನ ಕೊಟ್ಟವರು ಯಾರು ಗೊತ್ತೇ? ತಲೆಗೂದಲ ಎಣ್ಣೆಯ ಕಂಪನಿಯವರೇ. ಇಂಗ್ಲಿಷ್ ಅನುವಾದಗಳಿವೆ, ಹುಡುಕು.

ಪ್ರಶ್ನೆ: ಹಳೆಯ ವಿಜ್ಞಾನ ಕಾದಂಬರಿಗಳ ವಿಜ್ಞಾನವೇ ತಪ್ಪು. ಓದಿ ಏನು ಪ್ರಯೋಜನ?
ಸಪ್ತಾಪುರ, ಧಾರವಾಡ

ಉತ್ತರ: ಕಾದಂಬರಿ ಪಂಚಾಂಗವಲ್ಲ ಸ್ವಾಮಿ. ತಪ್ಪಿದ್ದರೆ ಇನ್ನೂ ಒಳ್ಳೆಯದು. ಜೂಲ್ಸ್ ವರ್ನ್ 1865ರಲ್ಲಿ ಮೂವರನ್ನು ಫ್ಲಾರಿಡಾದಿಂದ 900 ಅಡಿ ಉದ್ದದ ತೋಪಿನಲ್ಲಿ ಚಂದ್ರನತ್ತ ಹಾರಿಸಿದ. 1969ರಲ್ಲಿ ಚಂದ್ರನಿಗೆ ಹೊರಟವರೂ ಮೂವರೇ, ಫ್ಲಾರಿಡಾದಿಂದಲೇ. ಅದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಬಳಗದಲ್ಲಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರೊಬ್ಬರು ಹಾಲಿನ ಲೆಕ್ಕದ ಚೀಟಿಯ ಹಿಂದೆ ಪೆನ್ಸಿಲ್ ಹಿಡಿದರು. ಸೆಕೆಂಡಿಗೆ 11 ಕಿಲೋಮೀಟರ್ ವೇಗ ಬರಬೇಕು, ತೋಪು 274 ಮೀಟರ್; ಒಳಗಿದ್ದವರ ಮೇಲೆ ತಮ್ಮ ತೂಕದ 22 ಸಾವಿರ ಪಟ್ಟು ಒತ್ತಡ. “ಚಂದ್ರನಿಗೆ ಹೋಗುವುದು ಮನುಷ್ಯರಲ್ಲ, ಚಟ್ನಿ” ಎಂದರು. ಆ ಚೀಟಿ ಈಗಲೂ ನನ್ನ ಪ್ರತಿಯಲ್ಲಿದೆ. ನಿಮಗೂ ಲೆಕ್ಕ ಬರುವುದಾದರೆ ಬಂದು ಸೇರಿಕೊಳ್ಳಿ.

ಪ್ರಶ್ನೆ: ತಿಂಡಿ ಚರ್ಚೆಗೆ ಮೊದಲೋ, ಆಮೇಲೋ?
ನವನಗರ, ಹುಬ್ಬಳ್ಳಿ

ಉತ್ತರ: ಮಿರ್ಚಿ ಆದರೆ ಮೊದಲು, ಆರಿದರೆ ಕೆಟ್ಟಿತು. ಗಿರಮಿಟ್ ಆದರೆ ಆಮೇಲೆ. ಚುರುಮುರಿ ಒಂದು ಕಡೆ, ಒಗ್ಗರಣೆ ಒಂದು ಕಡೆ ಇಟ್ಟುಕೊಂಡಿರಿ; ಕೊನೆಯವರ ಮಾತು ಮುಗಿದ ಮೇಲೆಯೇ ಕಲಸಿ, ಇಲ್ಲವಾದರೆ ಮೆತ್ತಗಾಗುತ್ತದೆ. ಗಮಕಿ ಅಜ್ಜನಂಥವರು ನಿಮ್ಮಲ್ಲೂ ಇದ್ದರೆ ಮಿರ್ಚಿಯೇ ಸರಿ.