ಶಾಲೆಯಲ್ಲಿ ದಿನವೂ ಹೇಳಿಸುವ ಪ್ರತಿಜ್ಞೆಯ ಅರ್ಥವನ್ನು ಮಕ್ಕಳಿಗೆ ಕಲಿಸಬೇಕೆ?

ನಿಮ್ಮ ಪ್ರಶ್ನೆಯನ್ನು ನಾನು ತಿಳಿದುಕೊಂಡಿರುವುದು ಹೀಗೆ: ನಾಲ್ಕನೆಯ ತರಗತಿಯಲ್ಲಿರುವ ನಿಮ್ಮ ಮಗಳು ಪ್ರತಿದಿನ ಬೆಳಿಗ್ಗೆ ರಾಷ್ಟ್ರೀಯ ಪ್ರತಿಜ್ಞೆಯನ್ನು ಇಂಗ್ಲಿಷಿನಲ್ಲಿ ಒಂದಿಷ್ಟೂ ತಡವರಿಸದೆ ಒಪ್ಪಿಸುತ್ತಾಳೆ, ಆದರೆ ಅದರ ಒಂದು ವಾಕ್ಯದ ಅರ್ಥವನ್ನೂ ಹೇಳಲಾರಳು, ಅದನ್ನು ಕಲಿಸುವುದು ಶಾಲೆಯ ಕೆಲಸವೇ, ಇಲ್ಲವೇ ದೊಡ್ಡವಳಾದಂತೆ ತಾನಾಗಿ ತಿಳಿಯುತ್ತದೆ ಎಂದು ಸುಮ್ಮನಿರಬೇಕೇ ಎಂದು ಕೇಳಿದ್ದೀರಿ. ಬೆಂಗಳೂರಿನ ಪಶ್ಚಿಮ ಭಾಗದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಕಲಿಸಲೇಬೇಕು ಎಂಬುದು ನನ್ನ ಉತ್ತರ. ಆದರೆ ಕಲಿಸುವ ಬಗೆಯಲ್ಲಿ ನಾನೇ ಒಮ್ಮೆ ಎಡವಿದ್ದೇನೆ, ಆದ್ದರಿಂದ ಒಂದು ಮಾತಿನಲ್ಲಿ ಮುಗಿಸಲಾರೆ.

ತಾನಾಗಿ ತಿಳಿಯುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಒಂದು ವರ್ಷ ಹತ್ತನೆಯ ತರಗತಿಯಲ್ಲಿ, ಪ್ರತಿಜ್ಞೆಯಲ್ಲಿ ಬರುವ ‘ಪರಂಪರೆ’ ಎಂದರೇನು ಎಂದು ಕೇಳಿದೆ. ಒಂಬತ್ತು ವರ್ಷಗಳ ಕಾಲ, ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಆ ಪದವನ್ನು ಗಟ್ಟಿಯಾಗಿ ಉಚ್ಚರಿಸಿದ್ದ ಮಕ್ಕಳು ಮುಖ ಮುಖ ನೋಡಿಕೊಂಡರು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, ‘ಸೀರೆ ಅಂಗಡಿ ಸಾರ್’ ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಆ ಪದವನ್ನು ಅವನು ಪ್ರಾರ್ಥನೆಯ ಮೈದಾನದ ಹೊರಗೆ ಕಂಡದ್ದು ಒಂದು ಅಂಗಡಿಯ ನಾಮಫಲಕದಲ್ಲಿ ಮಾತ್ರ.

ನನ್ನನ್ನು ಹೆಚ್ಚು ಕಾಡಿದ್ದು ಮತ್ತೊಂದು ಸಂಗತಿ. ಇದೇ ಮಕ್ಕಳು ಪೆನ್ಸಿಲ್ ಕದ್ದ ವಿಚಾರ ಬಂದಾಗ ‘ತಾಯಾಣೆ ಮಾಡು ನೋಡೋಣ’ ಎಂದರೆ ತಕ್ಷಣ ಹಿಂಜರಿಯುತ್ತಾರೆ. ಆಣೆ ಎಂದರೇನು, ತಪ್ಪಿದರೆ ಏನಾಗುತ್ತದೆ, ಸುಳ್ಳು ಆಣೆ ಏಕೆ ಇಡಬಾರದು ಎಂಬುದು ಆರು ವರ್ಷದ ಮಗುವಿಗೂ ಗೊತ್ತು. (ಧರ್ಮಸ್ಥಳಕ್ಕೆ ಬಂದು ಆಣೆ ಮಾಡಲಿ ಎಂದು ಪರಸ್ಪರ ಸವಾಲು ಹಾಕಿಕೊಳ್ಳುವ ನಮ್ಮ ರಾಜಕಾರಣಿಗಳಿಗೂ ಗೊತ್ತು ಎನ್ನಬೇಕು.) ಅಂದಮೇಲೆ ಮಾತು ಕೊಡುವುದರ ತೂಕ ಮಕ್ಕಳಿಗೆ ತಿಳಿಯದು ಎನ್ನುವಂತಿಲ್ಲ. ಬೆಳಿಗ್ಗೆ ಬಲಗೈ ಮುಂದೆ ಚಾಚಿ ತಾವು ಹೇಳುತ್ತಿರುವುದೂ ಒಂದು ಆಣೆಯೇ ಎಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ‘ಪ್ರತಿಜ್ಞೆ’ ಎಂಬ ಪದದೊಳಗಿರುವ ‘ಜ್ಞಾ’ ಧಾತುವಿಗೆ ತಿಳಿಯುವುದು ಎಂದೇ ಅರ್ಥ. ತಿಳಿಯದೆ ಹೇಳಿದ್ದನ್ನು ಆ ಹೆಸರಿನಿಂದ ಕರೆಯುವುದೇ ವ್ಯಾಕರಣಕ್ಕೆ ಬಗೆದ ದ್ರೋಹ ಎಂದು ನಮ್ಮ ಕನ್ನಡ ಪಂಡಿತರು ಸಿಬ್ಬಂದಿ ಕೊಠಡಿಯಲ್ಲಿ ಗೊಣಗುತ್ತಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸೀರೆ ಅಂಗಡಿಯ ಉತ್ತರ ಕೇಳಿದ ಮರುವಾರವೇ ನಾನು ಪ್ರತಿಜ್ಞೆಯ ಪ್ರತಿಯೊಂದು ವಾಕ್ಯಕ್ಕೂ ಅರ್ಥವನ್ನು ಕಪ್ಪು ಹಲಗೆಯ ಮೇಲೆ ಬರೆಸಿ, ಕಿರುಪರೀಕ್ಷೆಯಲ್ಲಿ ಅದಕ್ಕೆ ಮೂರು ಅಂಕ ಇಟ್ಟೆ. ಉತ್ತರ ಪತ್ರಿಕೆಗಳನ್ನು ತಿದ್ದುವಾಗ ನನಗೆ ನನ್ನದೇ ವಾಕ್ಯಗಳು, ನನ್ನದೇ ಅಲ್ಪವಿರಾಮಗಳೊಂದಿಗೆ, ಹೆಚ್ಚುಕಡಿಮೆ ತರಗತಿಯಷ್ಟೂ ಮಂದಿಯ ಕೈಬರಹದಲ್ಲಿ ಮರಳಿ ಬಂದವು. ಮೊದಲು ಒಂದು ಗಿಳಿಪಾಠವಿತ್ತು, ನಾನು ಅದನ್ನು ಎರಡು ಮಾಡಿದ್ದೆ. ಅರ್ಥ ಕಲಿಸುವುದೆಂದರೆ ಪದಕ್ಕೆ ಪದ ಜೋಡಿಸಿ ಉರು ಹೊಡೆಸುವುದೆಂದು ನಿಮ್ಮ ಶಾಲೆ ತಿಳಿದಿದ್ದರೆ, ಅದಕ್ಕಿಂತ ಈಗಿರುವ ಸ್ಥಿತಿಯೇ ವಾಸಿ, ಮಗುವಿಗೆ ಹೊರೆಯಾದರೂ ಕಡಿಮೆ.

ಆಮೇಲೆ ನಾನು ಎಂಟನೆಯ ತರಗತಿಯನ್ನು ಆರಿಸಿಕೊಂಡು, ಮೌಲ್ಯ ಶಿಕ್ಷಣದ ಅವಧಿಯಲ್ಲಿ ವಾರಕ್ಕೆ ಒಂದೇ ವಾಕ್ಯ ಎಂದು ಇಟ್ಟುಕೊಂಡೆ. ಮೊದಲ ವಾರ ವಾಕ್ಯವನ್ನು ಮುಟ್ಟದೆ, ಇದನ್ನು ಬರೆದವರು ಯಾರು ಎಂದು ಕೇಳಿದೆ. ಗಾಂಧೀಜಿ, ನೆಹರೂ, ಅಂಬೇಡ್ಕರ್ ಎಂಬ ಉತ್ತರಗಳು ಬಂದವು, ‘ಸರ್ಕಾರ’ ಎಂಬುದೂ ಬಂತು. ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್, ನಲ್ಗೊಂಡ ಜಿಲ್ಲೆಯವರು. ಚೀನಾ ಯುದ್ಧ ನಡೆದ 1962ರಲ್ಲಿ ವಿಶಾಖಪಟ್ಟಣದಲ್ಲಿ ಜಿಲ್ಲಾ ಖಜಾನೆಯ ಅಧಿಕಾರಿಯಾಗಿದ್ದಾಗ ಅದನ್ನು ತೆಲುಗಿನಲ್ಲಿ ರಚಿಸಿದರು, ಮರುವರ್ಷ ಆ ಊರಿನ ಶಾಲೆಯೊಂದರಲ್ಲಿ ಅದನ್ನು ಮೊದಲು ಓದಲಾಯಿತು ಎಂದು ಹೇಳಿದಾಗ, ಮನೆಯಲ್ಲಿ ತೆಲುಗು ಮಾತನಾಡುವ ಮಕ್ಕಳ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ತಮ್ಮ ಮನೆಮಾತು ಶಾಲೆಯ ಗೇಟಿನೊಳಗೆ ಬರುವುದಿಲ್ಲ ಎಂದೇ ಅವರು ತಿಳಿದಿದ್ದರು. ಅದಕ್ಕಿಂತ ದೊಡ್ಡ ಬೆರಗು ಇನ್ನೊಂದಿತ್ತು: ಈ ಪ್ರತಿಜ್ಞೆಯನ್ನು ದೇಶದ ಎಲ್ಲ ಶಾಲೆಗಳಲ್ಲಿ ಹೇಳಿಸಬೇಕೆಂದು ಕೇಂದ್ರೀಯ ಶಿಕ್ಷಣ ಸಲಹಾ ಮಂಡಳಿ ಸೂಚಿಸಿದ್ದು 1964ರ ಅಕ್ಟೋಬರ್‌ನಲ್ಲಿ, ಆಗಿನ ಕೇಂದ್ರ ಶಿಕ್ಷಣ ಸಚಿವ ಎಂ. ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ, ನಮ್ಮ ಬೆಂಗಳೂರಿನಲ್ಲೇ ನಡೆದ ಸಭೆಯಲ್ಲಿ. 1965ರ ಜನವರಿ 26ರಿಂದ ಅದು ಶಾಲೆಗಳಲ್ಲಿ ಜಾರಿಗೆ ಬಂತು. ತಾನು ಬರೆದದ್ದು ರಾಷ್ಟ್ರೀಯ ಪ್ರತಿಜ್ಞೆಯಾಗಿದೆ ಎಂಬುದು ಸುಬ್ಬರಾವ್ ಅವರಿಗೇ ಬಹುಕಾಲ ಗೊತ್ತಿರಲಿಲ್ಲ, ಮೊಮ್ಮಗಳು ಪಠ್ಯಪುಸ್ತಕ ಓದುತ್ತಿದ್ದಾಗ ತಿಳಿಯಿತು ಎಂದು ಹೇಳುತ್ತಾರೆ.

‘ಭಾರತೀಯರೆಲ್ಲರೂ ನನ್ನ ಸಹೋದರ ಸಹೋದರಿಯರು’ ಎಂಬ ವಾಕ್ಯಕ್ಕೆ ಪ್ರತಿ ವರ್ಷವೂ ಒಬ್ಬ ಹುಡುಗ, ಹಾಗಾದರೆ ಮದುವೆ ಯಾರನ್ನು ಆಗುವುದು ಎಂದು ಕೇಳಿಯೇ ಕೇಳುತ್ತಾನೆ. ನಗು ಮುಗಿಯಲು ಬಿಟ್ಟು, ರಕ್ತಸಂಬಂಧವಿಲ್ಲದವರನ್ನೂ ನಾವು ‘ಅಣ್ಣಾ’, ‘ಅಕ್ಕಾ’ ಎಂದು ಏಕೆ ಕರೆಯುತ್ತೇವೆ ಎಂದು ಕೇಳಿದರೆ ಸಾಕು, ಪಾಠ ಮುಂದೆ ಹೋಗುತ್ತದೆ. ಪರಂಪರೆಯ ವಾರ ನಾನು ಬೆಂಗಳೂರಿನಿಂದ ಹೊರಗೆ ಹೋಗಲಿಲ್ಲ. ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗವು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ಕೊಡುವುದನ್ನು ಕಣ್ಣಾರೆ ಕಂಡ ಮಕ್ಕಳು ತರಗತಿಯಲ್ಲಿಯೇ ಇದ್ದರು. ಪ್ರತಿಜ್ಞೆಯಲ್ಲಿರುವ ವೈವಿಧ್ಯ ಎಂಬ ಪದವನ್ನು ಅವರೇ ವಿವರಿಸಿದರು, ನಾನು ಕೇಳುತ್ತ ಕುಳಿತೆ.

ಆದರೆ ನಿಜವಾಗಿ ನಮ್ಮೆಲ್ಲರನ್ನೂ ತೊಡಕಿಗೆ ಸಿಲುಕಿಸಿದ್ದು, ತಂದೆತಾಯಿ, ಗುರುಗಳು, ಹಿರಿಯರನ್ನು ಗೌರವಿಸುತ್ತೇನೆ, ಎಲ್ಲರೊಂದಿಗೂ ಸೌಜನ್ಯದಿಂದ ನಡೆದುಕೊಳ್ಳುತ್ತೇನೆ ಎಂಬ, ತೀರ ಸಾಧುವಾಗಿ ಕಾಣುವ ವಾಕ್ಯ. ಎಲ್ಲರೊಂದಿಗೂ ಎಂದರೆ ಯಾರು ಯಾರು ಎಂದು ಪಟ್ಟಿ ಮಾಡಿಸಿದೆ. ಆಮೇಲೆ, ಇವರಲ್ಲಿ ಯಾರನ್ನು ಏಕವಚನದಲ್ಲಿ ಮಾತನಾಡಿಸುತ್ತೀರಿ, ಯಾರನ್ನು ಬಹುವಚನದಲ್ಲಿ ಎಂದು ಕೇಳಿದೆ. ಹಲಗೆಯ ಮೇಲೆ ಎರಡು ಸಾಲುಗಳು ಬೆಳೆದವು. ವೈದ್ಯರು, ಬ್ಯಾಂಕಿನವರು, ಅಪ್ಪನ ಸ್ನೇಹಿತರು ಒಂದು ಕಡೆ. ಬೆಳಿಗ್ಗೆ ಕಸ ಒಯ್ಯುವ ಪೌರಕಾರ್ಮಿಕರು, ಮನೆಗೆಲಸದವರು, ಇಸ್ತ್ರಿ ಗಾಡಿಯವರು ಮತ್ತೊಂದು ಕಡೆ. ವಯಸ್ಸಿನಲ್ಲಿ ಎರಡನೆಯ ಸಾಲಿನವರೇ ಹಲವರು ಹಿರಿಯರು. ಯಾರೂ ಏನೂ ಹೇಳಲಿಲ್ಲ. ಆಗ ಮುಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗಿ, ಎರಡನೆಯ ಸಾಲಿನ ಕೆಲಸವೊಂದನ್ನು ತೋರಿಸಿ, ‘ಅದು ನಮ್ಮಮ್ಮ ಮಾಡೋ ಕೆಲಸ ಸಾರ್’ ಎಂದಳು. ಪ್ರತಿಜ್ಞೆಯ ಅರ್ಥ ಆ ದಿನ ತರಗತಿಗೆ ತಿಳಿಯಿತು ಎಂದು ನಾನು ಹೇಳುವುದಿಲ್ಲ, ಅದು ಇನ್ನೂ ತಿಳಿದಿಲ್ಲ ಎಂಬುದಂತೂ ತಿಳಿಯಿತು. ನಮ್ಮ ಭಾಷೆ ಬಾ ಮತ್ತು ಬನ್ನಿ ಎಂಬ ಎರಡು ದಾರಿಗಳನ್ನು ಇಟ್ಟಿರುವಾಗ, ಸೌಜನ್ಯವನ್ನು ವಿವರಿಸಲು ಬೇರೆ ನಿಘಂಟು ಬೇಕಿಲ್ಲ. ನಾನೂ ಅಂದಿನಿಂದ ನಮ್ಮ ಶಾಲೆಯ ಜವಾನರನ್ನು ಬಹುವಚನದಲ್ಲಿ ಕರೆಯಲು ಆರಂಭಿಸಿದೆ; ಮೊದಮೊದಲು ಅವರಿಗೇ ಅದು ಇರುಸುಮುರುಸಾಯಿತು.

ದೇಶದ ಮತ್ತು ಜನರ ಕ್ಷೇಮದಲ್ಲಿಯೇ ನನ್ನ ಸಂತೋಷವಿದೆ ಎಂಬ ಕೊನೆಯ ವಾಕ್ಯದ ಆ ‘ಏ’ ಎಂಬ ಒತ್ತಿನ ಮುಂದೆ ನಾನು ಸೋತೆ ಎಂದು ಒಪ್ಪಿಕೊಳ್ಳುತ್ತೇನೆ. ಮೊದಲ ದರ್ಜೆ ಬಂದರೂ ನನಗೆ ಸಂತೋಷವಾಗುತ್ತದೆ, ಹಾಗಾದರೆ ನಾನು ದಿನವೂ ಸುಳ್ಳು ಹೇಳುತ್ತಿದ್ದೇನೆಯೇ ಎಂದು ಒಬ್ಬಳು ಕೇಳಿದಳು. ಪ್ರತಿಜ್ಞೆ ಇರುವುದನ್ನು ವರ್ಣಿಸುವುದಿಲ್ಲ, ಆಗಬೇಕಾದುದರ ಕಡೆಗೆ ಮುಖ ಮಾಡುತ್ತದೆ ಎಂದು ಹೇಳಿದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ನನಗೂ ಪೂರ್ತಿ ಆಗಿಲ್ಲ.

ಇಂಥ ಪ್ರಶ್ನೆಗಳಿಗೆ ಹೆದರಿಯೇ ಅರ್ಥ ಕಲಿಸುವುದು ಬೇಡ ಎನ್ನುವವರಿದ್ದಾರೆ. ಅರ್ಥ ಗೊತ್ತಾದರೆ ಒಪ್ಪದೆಯೂ ಇರಬಹುದಲ್ಲ ಎಂಬುದು ಅವರ ಭಯ. ನನ್ನ ತರಗತಿಯಲ್ಲಿಯೇ ಹಾಗಾಯಿತು. ಅಪಾರ್ಟ್‌ಮೆಂಟಿನ ಕಾವಲುಗಾರರ ಮಗನೊಬ್ಬ ನೇಪಾಳದವನು. ವಾಕ್ಯಗಳ ಅರ್ಥ ತಿಳಿದ ಮೇಲೆ, ತಾನು ಭಾರತೀಯನಲ್ಲ, ಇದನ್ನು ಹೇಳಬೇಕೇ ಎಂದು ಕೇಳಿದ. ಬೇಡ, ಗೌರವದಿಂದ ನಿಂತರೆ ಸಾಕು ಎಂದೆ. ಇದು ನನ್ನ ಔದಾರ್ಯವಲ್ಲ. ಧಾರ್ಮಿಕ ನಂಬಿಕೆಯ ಕಾರಣದಿಂದ ರಾಷ್ಟ್ರಗೀತೆ ಹಾಡದೆ, ಆದರೆ ಎಲ್ಲರೊಂದಿಗೆ ಎದ್ದು ನಿಲ್ಲುತ್ತಿದ್ದ ಕೇರಳದ ಮೂವರು ಮಕ್ಕಳನ್ನು 1985ರಲ್ಲಿ ಶಾಲೆಯಿಂದ ಹೊರಹಾಕಿದಾಗ, ಮರುವರ್ಷ ಸುಪ್ರೀಂ ಕೋರ್ಟು ಆ ಕ್ರಮವನ್ನು ತಪ್ಪೆಂದು ಹೇಳಿ ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಅಮೆರಿಕದ ಸುಪ್ರೀಂ ಕೋರ್ಟು ಅಲ್ಲಿನ ಧ್ವಜವಂದನೆ ಮತ್ತು ಪ್ರತಿಜ್ಞೆಯ ವಿಷಯದಲ್ಲಿ ಇದೇ ಬಗೆಯ ತೀರ್ಪನ್ನು ಕೊಟ್ಟದ್ದು 1943ರಲ್ಲಿ, ಮಹಾಯುದ್ಧ ನಡೆಯುತ್ತಿದ್ದಾಗ. ನಮ್ಮ ಹುಡುಗನಂತೂ ಮೊದಲ ವಾಕ್ಯಗಳಿಗೆ ಸುಮ್ಮನೆ ನಿಂತಿದ್ದು, ತಂದೆತಾಯಿ ಗುರುಹಿರಿಯರ ವಾಕ್ಯ ಬಂದಾಗ ದನಿ ಸೇರಿಸಿ, ಮತ್ತೆ ಸುಮ್ಮನಾಗುತ್ತಿದ್ದ. ಆ ಮೈದಾನದಲ್ಲಿ ಪ್ರತಿಜ್ಞೆಯನ್ನು ಅಷ್ಟು ಎಚ್ಚರದಿಂದ ಹೇಳುತ್ತಿದ್ದವರು ಬೇರೆ ಯಾರೂ ಇರಲಿಲ್ಲ, ಶಿಕ್ಷಕರನ್ನೂ ಸೇರಿಸಿ.

2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನೂ ಓದಿಸುತ್ತಿದ್ದಾರೆ, ಅಲ್ಲಿಯೂ ಇದೇ ಕಥೆ. ‘ಜಾತ್ಯತೀತ’ ಎಂಬ ಪದವನ್ನು ಕೇಳಿದ ಮಕ್ಕಳು ಅದು ಜಾತಿಗೆ ಸಂಬಂಧಿಸಿದ್ದು ಎಂದುಕೊಳ್ಳುತ್ತಾರೆ, ಕೆಲವರಿಗೆ ಅದು ಒಂದು ಪಕ್ಷದ ಹೆಸರು. ಧರ್ಮದ ವಿಷಯದಲ್ಲಿ ರಾಜ್ಯವು ಹೇಗೆ ನಡೆದುಕೊಳ್ಳಬೇಕು ಎಂಬ ಮಾತು ಅದರಲ್ಲಿದೆ ಎಂದು ಯಾರಾದರೂ ಬಿಡಿಸಿ ಹೇಳದಿದ್ದರೆ ಹೊಳೆಯುವುದು ಕಷ್ಟ, ಪದವೇ ದಾರಿ ತಪ್ಪಿಸುವಂತಿದೆ.

ನಿಮ್ಮ ಮಗಳಿಗೆ ಒಂಬತ್ತು ವರ್ಷ. ಆ ವಯಸ್ಸಿಗೆ ನಾನು ಹೇಳಿದಷ್ಟೆಲ್ಲ ಬೇಡ. ಪೋಷಕರ ಸಭೆಯಲ್ಲಿ, ವಾರಕ್ಕೆ ಒಂದು ದಿನವಾದರೂ ಪ್ರತಿಜ್ಞೆಯನ್ನು ಕನ್ನಡದಲ್ಲಿ ಹೇಳಿಸಿ ಎಂದು ಕೇಳಿ. ಅದೇ ಅರ್ಧ ಕೆಲಸ ಮಾಡುತ್ತದೆ. ತಿಂಗಳಿಗೆ ಒಂದು ವಾಕ್ಯವನ್ನು ತರಗತಿಯಲ್ಲಿ ಮಾತಿಗೆ ತೆಗೆದುಕೊಳ್ಳಲಿ ಎಂದು ಹೇಳಿ. ಅದಕ್ಕೆ ದಯವಿಟ್ಟು ಅಂಕ ಇಡಬೇಡಿ ಎಂಬುದನ್ನೂ ಮರೆಯದೆ ಹೇಳಿ.