ಥೈರಾಯ್ಡ್ ಮಾತ್ರೆ, ಬೆಳಗಿನ ಕಾಫಿ ಮತ್ತು ಒಂದು ಎಕೋ ರಿಪೋರ್ಟ್

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಜಯನಗರದ 67 ವರ್ಷದ ನಿವೃತ್ತ ಶಿಕ್ಷಕಿ. ತೂಕ 54 ಕೆಜಿ, ಬಹಳ ವರ್ಷಗಳಿಂದ ಬಿಪಿ ಇದೆ. ಮಗಳ ಜೊತೆ ಸಲಹೆಗೆ ಬಂದಾಗ ಎದೆ ಢವಢವ, ಕೈನಡುಕ, ರಾತ್ರಿ ನಿದ್ದೆಯಿಲ್ಲ. ಸುಮ್ಮನೆ ಕೂತಿದ್ದಾಗಲೂ ನಾಡಿ ನಿಮಿಷಕ್ಕೆ 104, ಟಿಎಸ್‌ಎಚ್ 0.08 (ಇದು ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಹಾರ್ಮೋನ್; ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೆ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ). ಚೀಟಿಯಲ್ಲಿದ್ದದ್ದು ಹಿಂದಿನಂತೆಯೇ 75 ಮೈಕ್ರೋಗ್ರಾಂ ಲೆವೋಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನ್ ಮಾತ್ರೆ. ಡೋಸ್ ಬದಲಾಗದೆ ಹೀಗೇಕಾಯಿತು ಎಂಬುದು ಮನೆಯವರ ಪ್ರಶ್ನೆ.

ಮೊದಲು ಕೇಳಿದ್ದು ಕೂದಲಿಗೆಂದು ನುಂಗುವ ಬಯೋಟಿನ್ ಬಗ್ಗೆ. ಅದು ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಅವರು ತಗೊಂಡಿರಲಿಲ್ಲ, ಹಾಗಾಗಿ ಅಂಕಿ ನಿಜವೇ.

ಉತ್ತರ ಸಿಕ್ಕಿದ್ದು ಹಳೇ ಫೈಲಿನಲ್ಲಿ. ವರ್ಷದ ಹಿಂದೆ ಟಿಎಸ್‌ಎಚ್ 6.9, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್) ಸಹಜ, ಅಂದರೆ ಸೌಮ್ಯ ಥೈರಾಯ್ಡ್ ಕೊರತೆ. ಅದೇ ವಾರದ ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರದಬ್ಬುವ ರಕ್ತದ ಪಾಲು, ಸಹಜವಾದ ಶೇ. 60, ಜೊತೆಗೆ 'ಗ್ರೇಡ್ 1 ಡಯಾಸ್ಟಾಲಿಕ್ ಡಿಸ್ಫಂಕ್ಷನ್', ಅಂದರೆ ಬಡಿತಗಳ ನಡುವೆ ಹೃದಯ ಸಡಿಲಗೊಳ್ಳುವುದರಲ್ಲಿ ಸೌಮ್ಯ ತೊಂದರೆ. ಥೈರಾಯ್ಡ್‌ನಿಂದಲೇ ಹಾರ್ಟ್ ವೀಕಾಗುತ್ತಿದೆ ಎಂದು ಮನೆಯವರು ಗಾಬರಿಬಿದ್ದರು. 25ರಿಂದ ಶುರುವಾದ ಮಾತ್ರೆ 50ಕ್ಕೆ, 75ಕ್ಕೆ ಏರಿತು. ಟಿಎಸ್‌ಎಚ್ ಮಾತ್ರ 6ರ ಸುತ್ತಲೇ ನಿಂತಿತ್ತು.

ಇಳಿಯದೇ ಇದ್ದುದಕ್ಕೆ ಕಾರಣ ಅವರ ಬೆಳಗು. ಲಾಲ್‌ಬಾಗ್ ವಾಕಿಂಗಿಗೆ ಹೊರಡುವ ಮುನ್ನ ಫಿಲ್ಟರ್ ಕಾಫಿಯ ಜೊತೆಗೇ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸ್‌ಗೆ ಪ್ಯಾಂಟೊಪ್ರಜೋಲ್. ಕಾಫಿ ಈ ಹಾರ್ಮೋನ್ ಹೀರಿಕೆಯನ್ನು ತಗ್ಗಿಸುತ್ತದೆ, ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಹಿಡಿದಿಡುತ್ತದೆ, ಹೊಟ್ಟೆಯ ಆಮ್ಲ ಕಡಿಮೆಯಾದರೆ ಮಾತ್ರೆ ಸರಿಯಾಗಿ ಕರಗುವುದೂ ಇಲ್ಲ. ಆಮೇಲೆ ವೈಟ್‌ಫೀಲ್ಡಿನ ಮಗಳ ಮನೆಗೆ ಹೋದರು. ಮಗಳು ಶಿಸ್ತಿನಿಂದ ಐದಕ್ಕೆ ಅಲಾರಂ ಇಟ್ಟು ಬರೀ ನೀರಿನಲ್ಲಿ ಮಾತ್ರೆ ಕೊಟ್ಟರು, ಕ್ಯಾಲ್ಸಿಯಂ ರಾತ್ರಿಗೆ ಹೋಯಿತು. ಮಗಳು ಮಾಡಿದ್ದು ಸರಿಯೇ. ಆದರೆ ಅಲ್ಲಿಯವರೆಗೆ ಅರೆಬರೆ ಸೇರುತ್ತಿದ್ದ 75 ಈಗ ಪೂರ್ತಿ ಸೇರತೊಡಗಿತು. ಗ್ರಂಥಿಯೂ ಕೆಲಸ ಮಾಡುತ್ತಿದ್ದುದರಿಂದ ಏಳೇ ವಾರದಲ್ಲಿ ಮಿತಿಮೀರಿತು. ಟಿಎಸ್‌ಎಚ್ ಇಳಿಯದಿದ್ದಾಗ ಡೋಸ್ ಏರಿಸುವ ಮೊದಲು 'ಹೇಗೆ ತಗೊಳ್ತೀರಿ?' ಎಂದು ಕೇಳಲೇಬೇಕು.

ಅಂದೇ ಹೃದ್ರೋಗ ತಜ್ಞರಲ್ಲಿಗೆ ಕಳಿಸಲಾಯಿತು. ಇಸಿಜಿಯಲ್ಲಿ ಹೃತ್ಕರ್ಣದಿಂದ (ಹೃದಯದ ಮೇಲಿನ ಕೋಣೆ) ಅಧಿಕ ಬಡಿತಗಳು ಕಂಡವು. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃತ್ಕರ್ಣದ ತಾಳತಪ್ಪಿದ ಬಡಿತ, ಇರಲಿಲ್ಲ, ಅದು ಪುಣ್ಯ. ಈ ವಯಸ್ಸಿನಲ್ಲಿ ಟಿಎಸ್‌ಎಚ್ 0.1ಕ್ಕಿಂತ ಕೆಳಗೇ ಉಳಿದರೆ ಈ ತಾಳತಪ್ಪಿನ ಅಪಾಯ ಹೆಚ್ಚು, ಮೂಳೆಯೂ ಸವೆಯುತ್ತದೆ. ವೈದ್ಯರು ಮಾತ್ರೆ ನಿಲ್ಲಿಸಿದರು. ಎಂಟು ವಾರದ ನಂತರ ಟಿಎಸ್‌ಎಚ್ 6.2, ನಾಡಿ 76.

'ಮಾತ್ರೆಯಿಲ್ಲದೆ ಹಾರ್ಟ್ ಗತಿಯೇನು?' ಎಂಬ ಭಯ ಮಾತ್ರ ಉಳಿದಿತ್ತು. ಹಾರ್ಮೋನ್ ತೀರಾ ಕಡಿಮೆಯಾದರೆ ಹೃದಯ ಸಡಿಲಗೊಳ್ಳುವುದು ನಿಧಾನವಾಗುವುದು ನಿಜ. ಆದರೆ ಬಿಪಿ ಇರುವ 67ರವರಲ್ಲಿ ಗ್ರೇಡ್ 1 ತೀರಾ ಸಾಮಾನ್ಯ. 2017ರ ಟ್ರಸ್ಟ್ ಅಧ್ಯಯನದಲ್ಲಿ ಇಂಥದೇ ಸೌಮ್ಯ ಕೊರತೆಯಿದ್ದ, 65 ದಾಟಿದ 737 ಜನರಿದ್ದರು. ಮಾತ್ರೆಯಿಂದ ಸುಸ್ತೂ ತಗ್ಗಲಿಲ್ಲ, ಎಕೋ ಮಾಡಿಸಿಕೊಂಡ ಗುಂಪಿನಲ್ಲಿ ಹೃದಯದ ಕೆಲಸವೂ ಸುಧಾರಿಸಲಿಲ್ಲ. ಹೃದಯಾಘಾತವಾದ, ಇದೇ ಕೊರತೆಯಿದ್ದ 95 ಜನರಿಗೆ 52 ವಾರ ನಡೆಸಿದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಇಎಫ್ ಹೆಚ್ಚಲಿಲ್ಲ. ಅವರ ಹೃದಯಕ್ಕೆ ಈಗ ಬೇಕಿರುವುದು ಬಿಪಿಯ ಹತೋಟಿ. ಟಿಎಸ್‌ಎಚ್ 10 ದಾಟಿದವರು, ಫ್ರೀ ಟಿ4 ಕಡಿಮೆಯಿರುವವರು, ಗರ್ಭಿಣಿಯರು ಈ ಮಾತನ್ನು ತಮಗೆ ಅನ್ವಯಿಸಿಕೊಂಡು ಮಾತ್ರೆ ಬಿಡಬಾರದು.

ಆರು ತಿಂಗಳಿಗೊಮ್ಮೆ ಟಿಎಸ್‌ಎಚ್, ಫ್ರೀ ಟಿ4 ನೋಡಿಸಲು ಹೇಳಿದೆವು. ಮುಂದೆ ಮಾತ್ರೆ ಬೇಕಾದರೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ, ಕಾಫಿಗೆ ಒಂದು ಗಂಟೆ ಮುಂಚೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ. ಬ್ರಾಂಡ್, ಡೋಸ್ ಅಥವಾ ತಗೊಳ್ಳುವ ರೀತಿ, ಯಾವುದು ಬದಲಾದರೂ 6ರಿಂದ 8 ವಾರಕ್ಕೆ ಮರುಪರೀಕ್ಷೆ; ಅದಕ್ಕೂ ಮುಂಚೆ ಮಾಡಿಸಿದರೆ ಟಿಎಸ್‌ಎಚ್ ಇನ್ನೂ ಒಂದು ಮಟ್ಟಕ್ಕೆ ನಿಂತಿರುವುದಿಲ್ಲ. ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸುವುದನ್ನು ಮಗಳಿಗೆ ಕಲಿಸಿದೆವು. ವಿಶ್ರಾಂತಿಯಲ್ಲೂ 100 ದಾಟಿದರೆ ಅಥವಾ ತಾಳ ತಪ್ಪಿದರೆ ಅದೇ ದಿನ ಇಸಿಜಿ. ಜೊತೆಗೆ ಎದೆನೋವು, ಉಸಿರುಗಟ್ಟುವುದು, ತಲೆಸುತ್ತು ಇದ್ದರೆ ಕಾಯದೆ 108ಕ್ಕೆ ಕರೆ.