ಪ್ರೊಬೇಷನ್ ಷರತ್ತು ಮುರಿದರೆಂದು ತಮ್ಮನಿಗೆ ಸಮನ್ಸ್: ವಿಚಾರಣೆಗೆ ತಯಾರಿ

ಪ್ರೊಬೇಷನ್ ಮೇಲೆ, ಅಂದರೆ ಜೈಲಿನ ಬದಲು ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುಗಡೆಯಾದ ತಮ್ಮನಿಗೆ ಕೋರ್ಟಿನಿಂದ ಸಮನ್ಸ್ ಬಂದಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಅವರು ಹಾಸನದ ಮನೆ ಬಿಟ್ಟು ಸಕಲೇಶಪುರದ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದದ್ದೇ ಕಾರಣ ಇರಬೇಕು. ಕೊಟ್ಟ ವಿಳಾಸದಲ್ಲಿ ಸಿಗಲಿಲ್ಲವೆಂದು ಪ್ರೊಬೇಷನ್ ಅಧಿಕಾರಿ ವರದಿ ಕಳಿಸಿರಬಹುದು. ಮೊದಲು ವಕೀಲರ ಮೂಲಕ ಆ ವರದಿ, ಬಾಂಡ್ (ಷರತ್ತು ಒಪ್ಪಿ ಬರೆದುಕೊಟ್ಟ ಮುಚ್ಚಳಿಕೆ) ಎರಡರ ನಕಲೂ ತೆಗೆಸಿ. ಮುರಿದರು ಅನ್ನುವ ಷರತ್ತು ಬಾಂಡ್‌ನಲ್ಲಿ ನಿಜಕ್ಕೂ ಇದೆಯಾ? ಸಾಲು ಸಾಲೂ ಓದಿ, ವಾದ ನಿಲ್ಲುವುದೇ ಅದರ ಮೇಲೆ. ಆಮೇಲೆ ತೋಟದ ಹಾಜರಿ ಪುಸ್ತಕದ ಪ್ರತಿ, ಅಧಿಕಾರಿಗೆ ಮಾಡಿದ ಕರೆಗಳ ವಿವರ ಜೋಡಿಸಿ. ತೋಟದ ರೈಟರ್ (ಲೆಕ್ಕ, ಹಾಜರಿ ಬರೆಯುವವರು) ಸಾಕ್ಷಿ ಹೇಳಿದರೆ ಇನ್ನೂ ಒಳ್ಳೆಯದು.

1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಷರತ್ತು ಮುರಿದದ್ದು ಸಾಬೀತಾದರೆ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಮೊದಲ ಸಲವಾದರೆ 50 ರೂಪಾಯಿವರೆಗೆ ದಂಡ ಹಾಕಿ ಬಾಂಡ್ ಮುಂದುವರಿಸಲೂಬಹುದು. ಅದು ನ್ಯಾಯಾಧೀಶರಿಗೆ ಬಿಟ್ಟದ್ದು, ಹಾಗಾಗಿ ದಂಡ ಹಾಕಿ ಬಿಡಿ ಎಂದು ವಕೀಲರೇ ಕೋರ್ಟನ್ನು ಕೇಳಬೇಕು. ತಮ್ಮ ವಿಚಾರಣೆಗೆ ಹೋಗದೆ ಸುಮ್ನೆ ಮನೆಯಲ್ಲಿ ಕೂರುವುದು ಬೇಡ, ವಾರಂಟ್ ಹೊರಡಬಹುದು. ಫೀಸಿಗೆ ಕಷ್ಟವಾದರೆ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಇವತ್ತೇ ಅರ್ಜಿ ಕೊಡಿ.